ನಿಮಗಿದು ಗೊತ್ತೇ? ಗೇಣುದ್ದದ ಕಾರಿಗೆ ಗ್ಯಾರೇಜಿನ ಬಣ್ಣ

ಗಣೇಶನ ಹಬ್ಬಕ್ಕೆ ಥರ್ಮಾಕೋಲ್ ಮಂಟಪ ಮಾಡಿ ಅದಕ್ಕೆ ಚಿನ್ನದ ಬಣ್ಣದ ಸ್ಪ್ರೇ ಹೊಡೆದವರಿಗೆ ಗೊತ್ತು: ಬಣ್ಣ ಬಿದ್ದಲ್ಲೆಲ್ಲ ಗುಳಿ. ಮಾಡೆಲ್ ಕಿಟ್‌ಗಳಲ್ಲಿ ಬರುವ ಕಾರು, ವಿಮಾನಗಳದ್ದೂ ಅದೇ ಪ್ಲಾಸ್ಟಿಕ್, ಪಾಲಿಸ್ಟೈರೀನ್. ಥರ್ಮಾಕೋಲ್‌ನಲ್ಲಿ ಬಹುಪಾಲು ಗಾಳಿಯಾದ್ದರಿಂದ ಕಣ್ಣೆದುರೇ ಕುಸಿಯುತ್ತದೆ. ಕಿಟ್ ಗಟ್ಟಿ, ಅದರ ಮೈ ಮಾತ್ರ ಬಿರಿಯುತ್ತದೆ. ವಾಹನದ ಸ್ಪ್ರೇಗಳಲ್ಲಿರುವ ಅಸಿಟೋನ್, ಟೊಲ್ಯೂಯಿನ್‌ನಂಥ ದ್ರಾವಕಗಳ ಕಿತಾಪತಿ ಇದು. ಬಿರಿದ ಬಾನೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಬೇಸಿಗೆಯ ಕೆರೆಯಂಗಳ!

•

ಆದರೂ ಹವ್ಯಾಸಿಗಳು ಅದೇ ಡಬ್ಬಿ ಬಳಸುತ್ತಾರೆ, ಚೆನ್ನಾಗಿಯೂ ಬರುತ್ತದೆ. ಹೇಗೆ? ಸುಮಾರು 25 ಸೆಂ.ಮೀ. ದೂರದಿಂದ ಹೊಡೆದರೆ ಹನಿಯಲ್ಲಿನ ದ್ರಾವಕ ಅರ್ಧಂಬರ್ಧ ದಾರಿಯಲ್ಲೇ ಆರಿಹೋಗುತ್ತದೆ. ಮೊದಲ ಕೋಟು ದೂಳು ಕೂತಷ್ಟೇ ಇರಬೇಕು, ಕೆಳಗಿನ ಪ್ಲಾಸ್ಟಿಕ್ ಕಾಣುತ್ತಿರಬೇಕು. ಹದಿನೈದು ನಿಮಿಷ ಬಿಟ್ಟು ಇನ್ನೊಂದು. ಧೈರ್ಯ ಸಾಲದಿದ್ದರೆ, ಬಿಡಿಭಾಗ ಕತ್ತರಿಸಿಕೊಂಡ ಮೇಲೆ ಉಳಿಯುವ ಚೌಕಟ್ಟಿನ ಕಡ್ಡಿಯ ಮೇಲೆ ಮೊದಲು ಹೊಡೆದು ನೋಡಿ.

•

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಪ್ರೈಮರ್ ಕೇಳಿದೆ. "ಯಾವ ಗಾಡಿಗೆ ಸಾರ್?" ಗೇಣು ತೋರಿಸಿದೆ. ಅವರು ನಗಲಿಲ್ಲ. "ಪ್ಲಾಸ್ಟಿಕ್ಕಾ? ಹಾಗಾದ್ರೆ ಬಂಪರ್ ಪ್ರೈಮರ್ ತಗೊಳ್ಳಿ" ಅಂದರು. ಬಂಪರಿಗಾದರೆ ಸರಿಯಾದ ಸಲಹೆಯೇ. ಬಂಪರುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಬಳಗದವು. ಅದಕ್ಕೆ ಬಣ್ಣ ಅಂಟುವುದೇ ಇಲ್ಲ, ಹಿಡಿಸಲೆಂದೇ ಆ ಪ್ರೈಮರ್. ಪಾಲಿಸ್ಟೈರೀನ್‌ಗೆ ಆ ತೊಂದರೆಯಿಲ್ಲ. ಪಾತ್ರೆ ತೊಳೆಯುವ ಸೋಪಿನಲ್ಲಿ ಜಿಡ್ಡು ತೊಳೆದು ಒಣಗಿಸಿದರೆ ಬೂದು ಬಣ್ಣದ ಸಾದಾ ಪ್ರೈಮರ್ ಸಾಕು.

•

ನಿಜವಾದ ಕಾರಿನ ಬಣ್ಣದ ಪದರಗಳೆಲ್ಲ ಸೇರಿ ದಪ್ಪ ಸುಮಾರು 0.1 ಮಿ.ಮೀ. ಅಷ್ಟನ್ನೇ 1/24 ಅಳತೆಯ ಮಾಡೆಲ್ ಮೇಲೆ ಹಾಕಿದರೆ, ನಿಜವಾದ ಕಾರಿಗೆ 2.4 ಮಿ.ಮೀ. ದಪ್ಪ ಬಳಿದ ಲೆಕ್ಕ. ಬಾಗಿಲಿನ ಗೆರೆ ಮುಚ್ಚಿಹೋಗುವುದು ಹೀಗೆಯೇ. ಮೆಟಾಲಿಕ್ ಬಣ್ಣದ ಮಿನುಗು ಚೂರುಗಳೂ ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ಕಂಡು, ಕಾರು ಜಾತ್ರೆಯ ಬಳೆಯಂತಾಗುತ್ತದೆ.

•

ಕೆಂಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಹೊಡೆದರೆ ಗುಲಾಬಿ. ದ್ರಾವಕ ಕೆಳಗಿನ ಬಣ್ಣವನ್ನು ಮೇಲಕ್ಕೆಳೆಯುತ್ತದೆ. ನನ್ನ ಮೊದಲ ಆಂಬ್ಯುಲೆನ್ಸ್ ಬೊಂಬಾಯಿ ಮಿಠಾಯಿಯಾದದ್ದು ಹೀಗೆ. ಮದ್ದು ಸುಲಭ: ನಡುವೆ ಒಂದು ಕೋಟು ಬೆಳ್ಳಿ ಬಣ್ಣ. ಅದರಲ್ಲಿನ ಅಲ್ಯೂಮಿನಿಯಂ ಚೂರುಗಳು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮಲಗಿ ದಾರಿ ಕಟ್ಟುತ್ತವೆ.

•

ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಹೊಡೆಯಬಹುದು. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದಿರೋ, ಸುಕ್ಕು.

•

ಫೋರ್ಡ್‌ನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಆಗಿನ ಬೇರೆ ಬಣ್ಣಗಳು ಒಣಗಲು ದಿನಗಟ್ಟಲೆ, ವಾರಗಟ್ಟಲೆ ಕಾಯಬೇಕಿತ್ತು. ಡ್ಯುಪಾಂಟ್ ಕಂಪನಿಯ ಡ್ಯೂಕೋ ಲ್ಯಾಕರ್ ಅದನ್ನು ಗಂಟೆಗಳಿಗೆ ಇಳಿಸಿತು. 1924ರ ಮಾದರಿಯ ಓಕ್‌ಲೆಂಡ್ ಕಾರುಗಳು ನೀಲಿಯಾಗಿ ಬಂದವು. ನಮ್ಮ ಬಡಗಿಗಳು ಇವತ್ತಿಗೂ 'ಡ್ಯೂಕೋ ಪೇಂಟ್' ಅನ್ನುವುದು ಆ ಹೆಸರಿನಿಂದಲೇ. ಎನ್‌ಸಿ ಥಿನ್ನರ್ ಡಬ್ಬಿಯ ಎನ್‌ಸಿ ಎಂದರೆ ಡ್ಯೂಕೋದ ಜೀವಾಳವಾಗಿದ್ದ ನೈಟ್ರೋಸೆಲ್ಯುಲೋಸ್.

•

ಇನ್ನು ಲ್ಯಾಕರ್ ಎಂಬ ಪದ? ಅದು ಸಂಸ್ಕೃತದ ಲಾಕ್ಷಾ, ನಮ್ಮ ಅರಗು; ಪರ್ಷಿಯನ್, ಅರಬ್ಬೀ, ಪೋರ್ಚುಗೀಸ್ ಬಾಯಿಗಳಲ್ಲಿ ಸುತ್ತಿ ಇಂಗ್ಲಿಷಿಗೆ ಹೋಯಿತು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಗೂ ಚನ್ನಪಟ್ಟಣದ ಬೊಂಬೆಯ ಹೊಳಪಿಗೂ ಅದೇ ಅರಗು. ಡಬ್ಬಿಯ ಲ್ಯಾಕರ್‌ನಲ್ಲಿ ಅರಗಿನ ಲವಲೇಶವೂ ಇಲ್ಲ, ಬೆಂಕಿ ಹತ್ತುವ ಗುಣ ಮಾತ್ರ ಉಳಿದಿದೆ.

•

ಬಣ್ಣದ ಸ್ಪ್ರೇ ಡಬ್ಬಿ ಹುಟ್ಟಿದ್ದು 1949ರಲ್ಲಿ, ಅಮೆರಿಕದ ಇಲಿನಾಯ್‌ನಲ್ಲಿ. ಎಡ್ವರ್ಡ್ ಸೀಮೋರ್ ರೇಡಿಯೇಟರಿಗೆಂದು ಮಾಡಿದ್ದ ಅಲ್ಯೂಮಿನಿಯಂ ಬಣ್ಣವನ್ನು ಡಬ್ಬಿಗೆ ತುಂಬಿಸುವ ಯೋಚನೆ ಕೊಟ್ಟವರು ಅವರ ಹೆಂಡತಿ ಬಾನಿ.

•

ಮಂಗಳೂರಿನ ಮಳೆಗಾಲದಲ್ಲಿ ಹೊಡೆದ ಕಪ್ಪು ಬಣ್ಣ ಹಾಲು ಚೆಲ್ಲಿದಂತೆ ಮಂಕಾದೀತು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ಬಿಸಿಲು ಬಂದ ದಿನ ಮತ್ತೊಂದು ತೆಳು ಕೋಟು ಕೊಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

•

ಡಬ್ಬಿಯನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಒಳಗಿನ ಒತ್ತಡ ಏರಿ ಹನಿ ನುಣ್ಣಗಾಗುತ್ತದೆ. ಒಲೆಯ ಹತ್ತಿರ ಮಾತ್ರ ಸುಳಿಯಬೇಡಿ: ಮಿತಿ 50 ಡಿಗ್ರಿ ಸೆಲ್ಸಿಯಸ್, ಒಳಗಿರುವುದು ಸಾಮಾನ್ಯವಾಗಿ ಅಡುಗೆ ಅನಿಲದ ಬಂಧುಗಳೇ.

•

ಗಾಜಿನಂತೆ ಹೊಳೆಯುವ 2ಕೆ ಕ್ಲಿಯರ್ ಕೋಟ್‌ನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಆಸ್ತಮಾ ತರಿಸಬಲ್ಲದು. ದೂಳಿನ ಮಾಸ್ಕ್ ಅದನ್ನು ತಡೆಯದು. ಮನೆಯೊಳಗೆ ಬೇಡವೇ ಬೇಡ.

•

ಅಲ್ಲಾಡಿಸಿದಾಗ ಗಡಗಡ ಅನ್ನುವುದು ಬಣ್ಣ ಕಲಸಲು ಹಾಕಿದ ಗೋಲಿ, ಉಕ್ಕಿನದೋ ಗಾಜಿನದೋ. ಸದ್ದು ಬರದಿದ್ದರೆ ಅದು ತಳದ ಗಸಿಯಲ್ಲಿ ಹೂತಿದೆ ಎಂದರ್ಥ. ಸದ್ದು ಬಂದ ಮೇಲೂ ಒಂದೆರಡು ನಿಮಿಷ ಕುಲುಕಬೇಕು. ಕೆಲಸ ಮುಗಿದ ಮೇಲೆ ಡಬ್ಬಿ ತಲೆಕೆಳಗು ಹಿಡಿದು, ಬರೀ ಗಾಳಿ ಬರುವವರೆಗೆ ಒತ್ತಿ. ಇಲ್ಲದಿದ್ದರೆ ಮುಂದಿನ ಭಾನುವಾರ ಮೂತಿ ಕಟ್ಟಿಕೊಂಡು, ಗುಂಡುಸೂಜಿ ಹುಡುಕುತ್ತಾ ಕೂರುತ್ತೀರಿ.