ಗಾಯಾಳುವಿನ ಕೈಯೂ ವೈದ್ಯರ ರುಜುವೂ

ಕೊಳ್ಳೇಗಾಲದಿಂದ ಹೊರಟು ಹನೂರು, ಕೌದಳ್ಳಿಗಳನ್ನು ದಾಟಿ ರಾಮಾಪುರವನ್ನು ಸೇರುವ ದಾರಿಯನ್ನು ಬಲ್ಲ ವಾಚಕರಿಗೆ ಆ ಸೀಮೆಯ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಸುತ್ತಲೂ ಬೆಟ್ಟಸಾಲು, ನಡುವೆ ಮಳೆಯನ್ನೇ ನಂಬಿದ ಹೊಲಗಳು. ಮಳೆಯು ಹಿಂದೆಗೆದ ವರ್ಷದಲ್ಲಿ ಮನೆಯ ಆಳುಮಕ್ಕಳು ಕಲ್ಲು ಒಡೆಯುವುದಕ್ಕೋ, ಬೆಂಗಳೂರಿನ ಕಟ್ಟಡಗಳಿಗೋ, ಗಡಿಯಾಚೆಯ ತಿರುಪ್ಪೂರಿನ ಕಡೆಗೋ ಹೊರಡುವುದು ಅಲ್ಲಿ ಹೊಸ ಮಾತಲ್ಲ. ಹೀಗೆ ಹೋದವನು ಎರಡು ಕೈಗಳನ್ನು ಬಂಡವಾಳವಾಗಿಟ್ಟುಕೊಂಡು ಹೋಗುತ್ತಾನೆ. ಆ ಕೈಗಳಲ್ಲಿ ಒಂದು ಕಲ್ಲಿನ ಕೆಳಗೆ ಸಿಕ್ಕಿ ನಜ್ಜುಗುಜ್ಜಾದರೆ, ಅದಕ್ಕೆ ಬೆಲೆಯನ್ನು ಕಟ್ಟುವವರು ಯಾರು?

ಯಜಮಾನನೆಂದು ಕೆಲವರು ಹೇಳುವರು, ನ್ಯಾಯಸ್ಥಾನವೆಂದು ಕೆಲವರು. ಕಾಯಿದೆಯನ್ನು ಓದಿ ನೋಡಿದ ಮೇಲೆ ನಮಗೆ ತೋರಿದುದು ಬೇರೆ. ಬಹುಮಟ್ಟಿಗೆ ಬೆಲೆಯನ್ನು ಕಟ್ಟುವವನು ವೈದ್ಯನು. ಆದುದರಿಂದ, ಹಿಂದೆ ಸುಳ್ಳು ಬರೆದು ಸಿಕ್ಕಿಬಿದ್ದ ವೈದ್ಯನಿಗೆ ಇಂಥ ವ್ಯಾಜ್ಯಗಳಲ್ಲಿ ಮತ್ತೆ ಲೇಖನಿಯನ್ನು ಹಿಡಿಯುವ ಅಧಿಕಾರವಿರಬೇಕೆ ಎಂಬುದನ್ನು ಗೃಹಸ್ಥರು ಆಲೋಚಿಸುವುದು ಉಚಿತ.

ಮೊದಲು ಕಾಯಿದೆಯ ಮಾತು. ಕೂಲಿಕಾರರ ನಷ್ಟಪರಿಹಾರದ ಕಾಯಿದೆಯು 1923ರಲ್ಲಿ ಹುಟ್ಟಿ, 1924ರ ಜುಲೈ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ನಡೆಯತೊಡಗಿತು. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ, ಕಾವೇರಿಯಾಚೆಯ ಮೈಸೂರು ಸಂಸ್ಥಾನದ ಕಾನೂನು ಏನೇ ಇದ್ದರೂ, ರಾಮಾಪುರದವರಿಗೆ ಈ ಕಾಯಿದೆಯೇ ಅನ್ವಯಿಸಿತು. 1956ರ ನವೆಂಬರ್ 1ರಂದು ತಾಲ್ಲೂಕು ಕನ್ನಡ ನಾಡಿಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಗ ರಾಮಾಪುರವು ಹನೂರು ತಾಲ್ಲೂಕಿನಲ್ಲಿದೆ. ಇಷ್ಟೆಲ್ಲ ಮನೆ ಬದಲಾದರೂ ಕಾಯಿದೆಯು ಮಾತ್ರ ಹಾಗೆಯೇ ಬಾಳಿ, 2010ರಲ್ಲಿ ಹೆಸರನ್ನು ತುಸು ತಿದ್ದಿಸಿಕೊಂಡು, ಕಡೆಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಲೀನವಾಯಿತು. ಮುಖ್ಯವಾದ ಚೌಕಟ್ಟನ್ನು ಸಂಹಿತೆಯು ಹಳೆಯದರಿಂದಲೇ ತೆಗೆದುಕೊಂಡಿದೆ.

ಕಾರ್ಖಾನೆಯ ಕೆಲಸಗಾರರಿಗೆ 1948ರ ರಾಜ್ಯ ವಿಮಾ ಕಾಯಿದೆಯ ಆಸರೆಯಿತ್ತು. ಅಲ್ಲಿ ಅಂಗವೈಕಲ್ಯವನ್ನು ನಿರ್ಣಯಿಸುವವನು ಒಬ್ಬನೇ ವೈದ್ಯನಲ್ಲ, ವೈದ್ಯಕೀಯ ಮಂಡಳಿ. ಅದರ ಮೇಲೆ ಅಪೀಲಿಗೂ ದಾರಿಯಿತ್ತು. ಆದರೆ ಗಣಿ ಕಾಯಿದೆಗೆ ಒಳಪಟ್ಟ ಕ್ವಾರಿಯನ್ನು ಆ ಶಾಸನವು ಕಾರ್ಖಾನೆಯೆಂದು ಎಣಿಸಲಿಲ್ಲ. ನಮ್ಮ ಚಾಮರಾಜನಗರ ಸೀಮೆಯ ಕರಿಕಲ್ಲು ದೂರದೂರದ ದೇಶಗಳ ಸೌಧಗಳಲ್ಲಿ ಹೊಳೆಯುತ್ತಿರಬಹುದು. ಅದನ್ನು ಸೀಳಿದವನು ಗಾಯಗೊಂಡರೆ ಅವನಿಗೆ ಉಳಿದುದು ನಷ್ಟಪರಿಹಾರದ ಕಾಯಿದೆಯೊಂದೇ. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಳಿ ಕಲ್ಲುಗುಡ್ಡ ಕುಸಿದು ಕೆಲಸಗಾರರು ಸತ್ತ ಸುದ್ದಿಯನ್ನು ವಾಚಕರು ಮರೆತಿರಲಾರರು. ಸತ್ತವರ ವಿಷಯದಲ್ಲಿ ವೈದ್ಯರ ಭಿನ್ನಾಭಿಪ್ರಾಯಕ್ಕೆ ಎಡೆ ಕಡಿಮೆ. ಬದುಕಿ ಉಳಿದವರ ವಿಷಯದಲ್ಲಿಯೇ ತೊಡಕು.

ಕಾಯಿದೆಯ ಪಟ್ಟಿಯೊಂದರಲ್ಲಿ ಕೆಲವು ಗಾಯಗಳಿಗೆ ನೂರಕ್ಕಿಷ್ಟು ಎಂದು ಮೊದಲೇ ಗೊತ್ತುಮಾಡಿದೆ. ಹೆಬ್ಬೆರಳು ಹೋದರೆ 30, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ 50, ಎರಡು ಕೈಗಳೂ ಹೋದರೆ 100. ಕತ್ತರಿಸಿಹೋದ ಬೆರಳು ಎಲ್ಲರ ಕಣ್ಣಿಗೂ ಕಾಣುವುದು. ಅಲ್ಲಿ ವಾದಕ್ಕೆ ಆಸ್ಪದವಿಲ್ಲ. ಆದರೆ ಮುಂಗೈಯ ಮೂಳೆ ಮುರಿದು, ಕೂಡಿಕೊಂಡು, ಮಣಿಕಟ್ಟು ಮಾತ್ರ ಬಗ್ಗದೆ ಹೋದರೆ? ಸೊಂಟದ ಮೂಳೆ ಜರುಗಿದರೆ? ಇವು ಪಟ್ಟಿಯಲ್ಲಿಲ್ಲ. ಆಗ ಸಂಪಾದನೆಯ ಶಕ್ತಿ ನೂರಕ್ಕೆಷ್ಟು ಕುಂದಿತೆಂಬುದನ್ನು ವೈದ್ಯನು ಬರೆದುಕೊಡತಕ್ಕದ್ದು.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಮೂವತ್ತು ವರ್ಷದ ಕೂಲಿಕಾರನೊಬ್ಬನಿಗೆ ತಿಂಗಳಿಗೆ 9,000 ರೂಪಾಯಿ ಸಂಬಳವೆಂದಿಟ್ಟುಕೊಳ್ಳೋಣ. ಅದರಲ್ಲಿ ನೂರಕ್ಕೆ ಅರವತ್ತು ಎಂದರೆ 5,400. ಆ ವಯಸ್ಸಿಗೆ ಕಾಯಿದೆಯು ಕೊಟ್ಟಿರುವ ಗುಣಕ 207.98. ಗುಣಿಸಿದರೆ 11,23,092 ರೂಪಾಯಿ. ಇದು ಪೂರ್ಣ ವೈಕಲ್ಯದ ಮೊಬಲಗು. ವೈದ್ಯನು ನೂರಕ್ಕೆ 30 ಎಂದು ಬರೆದರೆ ಕೂಲಿಕಾರನ ಕೈಗೆ ಬರುವುದು ಸುಮಾರು 3,36,928. ಅದೇ ವೈದ್ಯನು, ಅದೇ ಮಣಿಕಟ್ಟನ್ನು ನೋಡಿ, 10 ಎಂದು ಬರೆದರೆ 1,12,309. ಒಂದು ಅಂಕಿಯನ್ನು ಬದಲಿಸಿದ ಮಾತ್ರಕ್ಕೆ ಎರಡೂಕಾಲು ಲಕ್ಷದಷ್ಟು ಹಣ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು. ರಾಮಾಪುರದಂಥ ಊರಿನಲ್ಲಿ ಅದು ಮಗಳ ಮದುವೆ, ಸಾಲದ ತೀರುವಳಿ, ಇಲ್ಲವೆ ಕೊಳವೆಬಾವಿಯ ಖರ್ಚು.

ಇಷ್ಟು ಹಣವು ಒಂದು ರುಜುವಿನಲ್ಲಿ ತೂಗುತ್ತಿರುವಾಗ ಆಸೆಗಳು ಹುಟ್ಟದಿರುವುದು ಹೇಗೆ? ಆಸೆಗಳು ಎರಡು ಕಡೆಗೂ ಉಂಟು. ಅಪಘಾತದ ನೋಟೀಸು ಬಂದ ಮೂರು ದಿನಗಳೊಳಗೆ ಯಜಮಾನನು ತನ್ನ ಖರ್ಚಿನಿಂದ ವೈದ್ಯಪರೀಕ್ಷೆಯನ್ನು ಮಾಡಿಸಲು ಮುಂದಾದರೆ ಕೂಲಿಕಾರನು ಒಪ್ಪಲೇಬೇಕೆಂದು ಹಳೆಯ ಕಾಯಿದೆ ವಿಧಿಸಿತ್ತು. ನಿರಾಕರಿಸಿದರೆ ಅವನ ಹಕ್ಕು ಅಷ್ಟು ಕಾಲ ಸ್ತಬ್ಧವಾಗುತ್ತಿತ್ತು. ವೈದ್ಯನನ್ನು ಆರಿಸುವವನು, ಹಣ ಕೊಡುವವನು ಯಜಮಾನನೇ ಎಂಬುದನ್ನು ಗಮನಿಸಬೇಕು. ಇನ್ನೊಂದು ಕಡೆ, ಗಾಯಾಳುವನ್ನು ಎಂದೂ ಚಿಕಿತ್ಸಿಸದ ವೈದ್ಯನ ಬಳಿಗೆ ಮಧ್ಯಸ್ಥಗಾರನು ಅವನನ್ನು ಕರೆದೊಯ್ದು, ಕೇಳಿದಷ್ಟು ಶೇಕಡವನ್ನು ಬರೆಸಿಕೊಂಡು, ಬಂದ ಹಣದಲ್ಲಿ ಪಾಲನ್ನು ಕೀಳುವುದೂ ಉಂಟು. ಮೊದಲನೆಯದು ಬಡವನನ್ನು ನೇರವಾಗಿ ಕೆಡಿಸುತ್ತದೆ. ಎರಡನೆಯದು ನಿಜವಾದ ಗಾಯಾಳುಗಳ ಮಾತಿನ ಮೇಲೂ ಸಂಶಯವನ್ನು ತಂದು, ಸುತ್ತುದಾರಿಯಲ್ಲಿ ಅದೇ ಬಡವನನ್ನು ಕೆಡಿಸುತ್ತದೆ.

ಇದು ನಮ್ಮ ಕಲ್ಪನೆಯಲ್ಲ. 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಾಜಕುಮಾರ್ ಮತ್ತು ಅಜಯಕುಮಾರ್ ಎಂಬವರ ಮೊಕದ್ದಮೆಯನ್ನು ತೀರ್ಮಾನಿಸುವಾಗ ಈ ಹುಣ್ಣಿನ ಮೇಲೆಯೇ ಬೆರಳಿಟ್ಟಿತು. ಅದು ವಾಹನಾಪಘಾತದ ವ್ಯಾಜ್ಯ. ಆದರೂ ಪ್ರಶ್ನೆ ಒಂದೇ. ಚಿಕಿತ್ಸೆಯನ್ನೇ ಮಾಡದೆ ಸಿದ್ಧವಾಗಿಟ್ಟುಕೊಂಡಂತೆ ಸರ್ಟಿಫಿಕೇಟುಗಳನ್ನು ಹಂಚುವ ವೈದ್ಯರ ಸಾಕ್ಷ್ಯವನ್ನು ಎಚ್ಚರಿಕೆಯಿಂದ ನೋಡಬೇಕೆಂದೂ, ಅನುಮಾನವಿದ್ದಲ್ಲಿ ಗಾಯಾಳುವನ್ನು ವೈದ್ಯಕೀಯ ಮಂಡಳಿಗೆ ಕಳುಹಿಸಬಹುದೆಂದೂ ಆ ತೀರ್ಪು ಹೇಳಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಹಿಂದೆ ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿಯೇ ನ್ಯಾಯಾಧೀಶರಾಗಿದ್ದವರು. ಅಂಗಕ್ಕೆ ಆದ ಊನವೇ ಬೇರೆ, ಸಂಪಾದನೆಗೆ ಆದ ಊನವೇ ಬೇರೆ ಎಂಬುದನ್ನೂ ಆ ತೀರ್ಪು ಬಿಡಿಸಿ ತೋರಿಸಿದೆ. ಇದಕ್ಕೆ ಹಳೆಯ ನಿದರ್ಶನವೂ ಉಂಟು. ಬಡಗಿಯೊಬ್ಬನ ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಗಿ ಬಂದ ಮೊಕದ್ದಮೆಯಲ್ಲಿ, ಒಂದೇ ಕೈಯಿಂದ ಬಡಗಿತನ ಸಾಗದೆಂಬ ಕಾರಣಕ್ಕೆ ಅವನದು ಪೂರ್ಣ ವೈಕಲ್ಯವೆಂದು ಮಾಡಿದ್ದ ನಿರ್ಣಯವನ್ನು ಅದೇ ಸುಪ್ರೀಂ ಕೋರ್ಟು ಎಪ್ಪತ್ತರ ದಶಕದಲ್ಲಿ ಎತ್ತಿಹಿಡಿಯಿತು.

ಕಣ್ಣಿಗೆ ಕಾಣದ ರೋಗಗಳ ಗತಿಯಂತೂ ಇನ್ನೂ ಸೂಕ್ಷ್ಮ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲುಧೂಳನ್ನು ಉಸಿರಾಡಿ ಶ್ವಾಸಕೋಶವು ಗಟ್ಟಿಯಾಗುವ ಸಿಲಿಕೋಸಿಸ್ ರೋಗವನ್ನು ಮೈಸೂರು ಸರ್ಕಾರವು 1940ರ ನಿಯಮಗಳಿಂದ ಗುರುತಿಸಿತು. ಆ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷಿಸಿದ ಗಣಿಕೆಲಸಗಾರರ ಪೈಕಿ ನೂರಕ್ಕೆ ನಾಲ್ವತ್ತಕ್ಕೂ ಮೇಲ್ಪಟ್ಟವರಲ್ಲಿ ಆ ರೋಗವು ಕಂಡುಬಂದಿತು. ಕಲ್ಲು ಕೊರೆಯುವವನಿಗೂ ಇದೇ ಧೂಳು. ರೋಗವನ್ನು ಕ್ಷಯವೆಂದು ಬರೆದುಬಿಟ್ಟರೆ ಪರಿಹಾರದ ಬಾಗಿಲು ಮುಚ್ಚಿತು. ಸಿಲಿಕೋಸಿಸ್ ಎಂದು ಬರೆದರೆ ತೆರೆಯಿತು. ಎರಡಕ್ಕೂ ಲಕ್ಷಣಗಳಲ್ಲಿ ಹೋಲಿಕೆಯಿರುವುದರಿಂದ, ತಪ್ಪಿ ಬರೆದವನು ಯಾರು, ಬೇಕೆಂದು ಬರೆದವನು ಯಾರು ಎಂಬುದನ್ನು ಅಕ್ಷರ ಬಾರದ ಕೂಲಿಕಾರನು ಹೇಗೆ ತಾನೆ ಅರಿತಾನು?

ಹಾಗಾದರೆ ಕೆಟ್ಟ ವೈದ್ಯನನ್ನು ಹೊರಗಿಡಲು ನಮ್ಮಲ್ಲಿ ಏನು ಏರ್ಪಾಡಿದೆ? 1923ರ ಕಾಯಿದೆಯು ಅರ್ಹ ವೈದ್ಯನೆಂದರೆ ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವನು ಎಂದಷ್ಟೇ ಹೇಳಿತ್ತು. ಈ ರಿಜಿಸ್ಟರು ಮದರಾಸಿನಲ್ಲಿ 1914ರ ಶಾಸನದಿಂದ, ಮೈಸೂರಿನಲ್ಲಿ 1931ರ ಶಾಸನದಿಂದ ಹುಟ್ಟಿತು; ಈಗ 1961ರ ಶಾಸನದಂತೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ವಶದಲ್ಲಿದೆ. ಹೆಸರು ಅಲ್ಲಿರುವವರೆಗೆ ಅವನ ಸರ್ಟಿಫಿಕೇಟಿಗೆ ಬೆಲೆಯುಂಟು. ಹಿಂದೆ ಎಷ್ಟು ಸಲ ಸುಳ್ಳು ಬರೆದನೆಂಬುದಕ್ಕೆ ಪ್ರತ್ಯೇಕವಾದ ಪಟ್ಟಿಯನ್ನು ಇಡತಕ್ಕದ್ದೆಂಬ ಮಾತು ಆ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ.

ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಮಾಡಿದ ನಿಯಮಗಳು ಮಾತ್ರ ಖಂಡಿತವಾಗಿವೆ. ಸುಳ್ಳಾದ, ದಾರಿತಪ್ಪಿಸುವ, ಅನುಚಿತವಾದ ಸರ್ಟಿಫಿಕೇಟಿಗೆ ರುಜು ಹಾಕಿದವನ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು, ಕೆಲವು ಕಾಲಕ್ಕಾಗಲಿ ಶಾಶ್ವತವಾಗಿಯಾಗಲಿ. ತೆಗೆದುದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದೂ ಇದೆ. ದೂರನ್ನು ಆರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದೂ ಇದೆ. ಆದರೆ ಕೆಲವು ಕಾಲಕ್ಕೆ ಹೊರಗಾದ ವೈದ್ಯನು ಅವಧಿ ಮುಗಿದೊಡನೆ ಹಿಂತಿರುಗಿ, ಮರುದಿನವೇ ಕೂಲಿಕಾರನ ಮಣಿಕಟ್ಟಿಗೆ ಶೇಕಡವನ್ನು ಬರೆಯಬಹುದು. ಹುಲ್ಲಿನ ಬಣವೆಗೆ ಬೆಂಕಿಯಿಟ್ಟವನನ್ನು ಮತ್ತೆ ಬಣವೆಯ ಕಾವಲಿಗೇ ನಿಲ್ಲಿಸಿದಂತೆ.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ಬೇರೆ ದಾರಿಯನ್ನು ಹಿಡಿದಿದೆ. ಅಲ್ಲಿ ಲಾಂಗ್ ಬೀಚ್ ಎಂಬ ಊರಿನ ಆಸ್ಪತ್ರೆಯೊಂದರ ಹಿಂದಿನ ಒಡೆಯನು, ಬೆನ್ನೆಲುಬಿನ ಶಸ್ತ್ರಚಿಕಿತ್ಸೆಗೆ ಗಾಯಾಳು ಕೆಲಸಗಾರರನ್ನು ಕಳುಹಿಸಿದ ವೈದ್ಯರಿಗೆ ಗುಟ್ಟಾಗಿ ಹಣವನ್ನು ಸಲ್ಲಿಸುತ್ತಿದ್ದುದನ್ನು 2014ರಲ್ಲಿ ಒಪ್ಪಿಕೊಂಡನು. 2018ರಲ್ಲಿ ಅವನಿಗೆ 63 ತಿಂಗಳ ಸೆರೆಯಾಯಿತು. ಬೆನ್ನನ್ನು ಕೊಯ್ಯಿಸಿಕೊಂಡವರು ಕೂಲಿಯ ಜನ, ಲಾಭವನ್ನು ಹಂಚಿಕೊಂಡವರು ವಿದ್ಯಾವಂತರು. ಇಂಥ ಪ್ರಕರಣಗಳಿಂದ ಎಚ್ಚತ್ತ ಶಾಸನಸಭೆಯು 2016ರಲ್ಲಿ ಕಾನೂನು ಮಾಡಿ, 2017ರ ಆರಂಭದಿಂದ ಅದನ್ನು ನಡೆಸುತ್ತಿದೆ. ವಂಚನೆಗಾಗಿ ಶಿಕ್ಷೆ ಹೊಂದಿದ, ಲೈಸೆನ್ಸನ್ನು ಕಳೆದುಕೊಂಡ, ಇಲ್ಲವೆ ಸರ್ಕಾರದ ಇತರ ಆರೋಗ್ಯ ಯೋಜನೆಗಳಿಂದ ಹೊರದೂಡಿಸಿಕೊಂಡ ವೈದ್ಯನನ್ನು ಕಾರ್ಮಿಕ ಪರಿಹಾರದ ವ್ಯವಸ್ಥೆಯಿಂದಲೂ ಅಮಾನತುಗೊಳಿಸಲೇಬೇಕು. ಮೊದಲು ನೋಟೀಸು ಕೊಟ್ಟು, ಅವನು ಬಯಸಿದರೆ ಅಹವಾಲನ್ನು ಕೇಳುತ್ತಾರೆ. ಹೊರಗಾದವರ ಹೆಸರುಗಳನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ.

ನಮ್ಮಲ್ಲಿಯೂ ಈ ಬೀಜವಿಲ್ಲದೆ ಇಲ್ಲ. ಆಯುಷ್ಮಾನ್ ಭಾರತದಂಥ ಯೋಜನೆಗಳಲ್ಲಿ ಸುಳ್ಳು ಬಿಲ್ಲುಗಳನ್ನು ಸಲ್ಲಿಸಿದ ಆಸ್ಪತ್ರೆಯನ್ನು ಪಟ್ಟಿಯಿಂದ ತೆಗೆಯುವ ನಿಯಮವುಂಟು. ಸರ್ಕಾರದ ಬೊಕ್ಕಸವನ್ನು ಕಾಯುವುದಕ್ಕೆ ಇರುವ ಕಾವಲು ಕೂಲಿಕಾರನ ಮಣಿಕಟ್ಟಿಗೂ ದೊರೆಯಬಾರದೇಕೆ ಎಂಬುದು ನಮ್ಮ ಪ್ರಶ್ನೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೆಟ್ಟದ ತಪ್ಪಲಿನ ಊರುಗಳಲ್ಲಿ ವೈದ್ಯರೇ ವಿರಳ. ಇರುವ ಒಬ್ಬನನ್ನೂ ಹೊರಗಟ್ಟಿದರೆ ರಕ್ತ ಸುರಿಯುತ್ತಿರುವ ಗಾಯಾಳುವು ಕೊಳ್ಳೇಗಾಲದವರೆಗೂ ಮೈಸೂರಿನವರೆಗೂ ಹೋಗಬೇಕೆ? ಬೇಡ. ಗಾಯವನ್ನು ಕಟ್ಟುವ ಕೆಲಸವೇ ಬೇರೆ, ಗಾಯಕ್ಕೆ ಶೇಕಡವನ್ನು ಕಟ್ಟುವ ಕೆಲಸವೇ ಬೇರೆ. ಮೊದಲನೆಯದು ಒಂದು ಗಳಿಗೆಯೂ ತಡೆಯಲಾರದು. ಎರಡನೆಯದು ತಿಂಗಳುಗಟ್ಟಲೆ ಆದ ಮೇಲೆ, ಗಾಯ ಮಾಗಿದ ಮೇಲೆ ನಡೆಯತಕ್ಕದ್ದು. ಅದಕ್ಕಾಗಿ ಒಮ್ಮೆ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಬರುವುದು ಕಷ್ಟವಾದರೂ ಅಸಾಧ್ಯವಲ್ಲ. ಆದುದರಿಂದ ಸುಳ್ಳಿನ ಅಪರಾಧವು ಸಿದ್ಧಪಟ್ಟ ವೈದ್ಯನನ್ನು ಸರ್ಟಿಫಿಕೇಟು ಬರೆಯುವುದರಿಂದ ಮಾತ್ರ ದೂರವಿಟ್ಟರೆ ಸಾಕೆಂದು ನಮ್ಮ ಅಭಿಪ್ರಾಯ. ಬರಿಯ ದೂರಿನ ಮೇಲೆ ಯಾರನ್ನೂ ಹೊರಗಿಡಕೂಡದು. ನಿಷ್ಠುರವಾಗಿ ನಿಜವನ್ನು ಬರೆದ ವೈದ್ಯನ ಮೇಲೆ ಎರಡು ಪಕ್ಷದವರೂ ದೂರು ಕೊಡುವ ಕಾಲವಿದು.

ಅಂಥ ಕಾನೂನು ಬರುವ ತನಕ ಮನೆಯವರು ಮಾಡಬಹುದಾದುದು ಕೆಲವುಂಟು. ಪ್ರತಿಯೊಬ್ಬ ವೈದ್ಯನೂ ತನ್ನ ರಿಜಿಸ್ಟರು ಸಂಖ್ಯೆಯನ್ನು ಔಷಧದ ಚೀಟಿಯ ಮೇಲೂ ಸರ್ಟಿಫಿಕೇಟಿನ ಮೇಲೂ ರಶೀದಿಯ ಮೇಲೂ ತೋರಿಸಬೇಕೆಂದು 2002ರ ನಿಯಮವಿದೆ. ಸಂಖ್ಯೆಯಿಲ್ಲದ ಕಾಗದವನ್ನು ಒಪ್ಪಬಾರದು. ವೈದ್ಯರ ರಿಜಿಸ್ಟರನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾಗಿದೆ. ಶಾಲೆಗೆ ಹೋಗುವ ಮಗನೋ ಮಗಳೋ ಮೊಬೈಲಿನಲ್ಲಿ ಹುಡುಕಿಕೊಟ್ಟಾರು. ಚಿಕಿತ್ಸೆಯ ದಾಖಲೆಗಳನ್ನು ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕದ್ದೆಂಬುದೂ ಅದೇ ನಿಯಮಗಳ ಮಾತು. ಬಾಯಿಮಾತಿನಲ್ಲಿ ಕೇಳದೆ ಬರೆದು ಕೇಳಬೇಕು, ಬರೆದುದರ ನಕಲನ್ನು ಇಟ್ಟುಕೊಳ್ಳಬೇಕು. ಮೊದಲ ದಿನದ ಎಕ್ಸ್‌ರೇ ಪಟವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ ಹೊಗೆ ಹಿಡಿಸುವ ಬದಲು, ಜಮೀನಿನ ಪತ್ರಗಳಿರುವ ಟ್ರಂಕಿನಲ್ಲಿಯೇ ಇಡುವುದು ಲೇಸು. ಎರಡು ವರ್ಷದ ಮೇಲೆ ಮಣಿಕಟ್ಟಿನ ಮಾತು ಬಂದಾಗ ವೈದ್ಯನ ರುಜುವಿಗೆ ಎದುರುನಿಂತು ಹೇಳಬಲ್ಲುದು ಆ ಪಟವೊಂದೇ.