ಪುಂಡ ಸವಾರನ ದಾರಿಯಲ್ಲಿ ಚೆಕ್‌ಪೋಸ್ಟ್ ಇಲ್ಲ: ಸಿನಿಮಾದ ಬೈಕು, ಬತ್ತೇರಿಯ ಬೈಕು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ನಾನು ಕನ್ನಡ ಎಂ.ಎ. ಓದ್ತಾ ಇದ್ದೀನಿ. ಮಾತಾಡ್ತಾ ಇರೋದು ವಯನಾಡಿನ ಸುಲ್ತಾನ್ ಬತ್ತೇರಿಯಿಂದ. ಜೈನರ ಕಾಲದಲ್ಲಿ ‘ಹನ್ನೆರಡು ಬೀದಿ’ ಅಂತ ಹೆಸರಿದ್ದ ಊರು ಇದು. ಮಲಯಾಳಂ, ತಮಿಳು, ಕನ್ನಡ ಮೂರೂ ಭಾಷೆಯ ಸಿನಿಮಾ ನೋಡಿ ಬೆಳೆಯೋ ಗಡಿನಾಡು. ನನ್ನ ವಿಷಯ, ಕಾನೂನು ಮುರಿಯೋ ಬೈಕ್ ಸವಾರನನ್ನು ಸಿನಿಮಾ ಹೇಗೆ ತೋರಿಸುತ್ತೆ ಅನ್ನೋದು. ಅವನನ್ನು ಇಲ್ಲಿ ‘ಪುಂಡ ಸವಾರ’ ಅಂತ ಕರೀತೀನಿ.

ನನ್ನ ವಾದ ಇಷ್ಟೇ. ಈ ಸಿನಿಮಾಗಳು ಬೈಕನ್ನು ಬಿಡುಗಡೆಯ ಗುರುತಾಗಿ ತೋರಿಸುತ್ತವೆ. ಆದರೆ ನಮ್ಮಲ್ಲಿ ಬೈಕು ನೂರೆಂಟು ಕಟ್ಟುಗಳ ನಡುವೆ ಓಡುವ ವಸ್ತು: ಸಾಲದ ಕಂತು, ಮೆಕ್ಯಾನಿಕ್ಕು, ಮನೆಯವರ ಕೆಲಸ, ರಾತ್ರಿ ಮುಚ್ಚುವ ರಸ್ತೆ. ಈ ಕಟ್ಟುಗಳನ್ನು ಬಿಟ್ಟು ತೋರಿಸಿದ ಚಿತ್ರವೇ ಕೊನೆಗೆ ನಿಜವಾದ ಸವಾರನನ್ನು ಅಳೆಯುವ ಅಳತೆಗೋಲೂ ಆಗಿಬಿಡುತ್ತದೆ.

ಮೊದಲು ಈ ಬಗೆಯ ಸಿನಿಮಾ ಎಲ್ಲಿಂದ ಬಂತು ನೋಡೋಣ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಅನ್ನೋ ಸಣ್ಣ ಊರಲ್ಲಿ ಬೈಕ್ ಸವಾರರ ಜಾತ್ರೆ ನಡೆಯಿತು. ಕುಡಿತ, ಗಲಾಟೆ ಆಯಿತು. ‘ಲೈಫ್’ ಪತ್ರಿಕೆ ಬಿಯರ್ ಬಾಟಲಿಗಳ ರಾಶಿಯ ನಡುವೆ ಬೈಕ್ ಮೇಲೆ ಕೂತವನ ಫೋಟೊ ಹಾಕಿತು. ಆ ಗಲಾಟೆಯ ನೆನಪಿನಲ್ಲೇ 1953ರಲ್ಲಿ ಮಾರ್ಲನ್ ಬ್ರಾಂಡೋನ ‘ದಿ ವೈಲ್ಡ್ ಒನ್’ ಬಂತು. ಚರ್ಮದ ಜಾಕೆಟ್ಟು, ಓರೆ ಟೋಪಿ, ಯಾರಿಗೂ ಉತ್ತರ ಕೊಡದ ಮುಖ ಎಲ್ಲ ಅಲ್ಲಿಂದಲೇ ಹರಡಿದ್ದು. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಈ ಸಿನಿಮಾವನ್ನು ಹೆಚ್ಚುಕಡಿಮೆ ಹದಿನಾಲ್ಕು ವರ್ಷ ತಡೆದಿಟ್ಟಿತ್ತು. 1969ರ ‘ಈಜಿ ರೈಡರ್’ನಲ್ಲಿ ಇಬ್ಬರು ಗೆಳೆಯರು ಮಾದಕ ವಸ್ತು ಮಾರಿದ ದುಡ್ಡಲ್ಲಿ ಊರೂರು ಸುತ್ತುತ್ತಾರೆ, ಕೊನೆಗೆ ದಾರಿಹೋಕರ ಗುಂಡಿಗೆ ಸಾಯುತ್ತಾರೆ.

ಇದರಲ್ಲಿ ನನಗೆ ಮುಖ್ಯ ಅನಿಸಿದ್ದು 2023ರ ‘ದಿ ಬೈಕ್‌ರೈಡರ್ಸ್’. ಡ್ಯಾನಿ ಲಯನ್ ಎಂಬ ಛಾಯಾಗ್ರಾಹಕ 1968ರಲ್ಲಿ ತಂದ ಪುಸ್ತಕ ಇದಕ್ಕೆ ಆಧಾರ. ಅದರಲ್ಲಿ ಜಾನಿ ಅನ್ನೋ ಸಂಸಾರಸ್ಥ, ಮನೆಯ ಟಿವಿಯಲ್ಲಿ ‘ದಿ ವೈಲ್ಡ್ ಒನ್’ ನೋಡಿ, ನಾನೂ ಒಂದು ಕ್ಲಬ್ ಕಟ್ಟಬೇಕು ಅಂದ್ಕೋತಾನೆ. ಅಂದರೆ, ಗಲಾಟೆಯಿಂದ ಸುದ್ದಿ ಹುಟ್ಟಿತು, ಸುದ್ದಿಯಿಂದ ಸಿನಿಮಾ ಹುಟ್ಟಿತು, ಸಿನಿಮಾದಿಂದ ಮತ್ತೆ ಸವಾರ ಹುಟ್ಟಿದ. ಜಾನಪದದಲ್ಲಿ ಕಥೆ ಮತ್ತು ಆಚರಣೆ ಒಂದನ್ನೊಂದು ಸಾಕುತ್ತವೆ ಅಂತ ಓದುತ್ತೇವಲ್ಲ, ಇದೂ ಹಾಗೇ.

ನಮ್ಮ ಕಡೆಗೆ ಬರೋಣ. ನಮ್ಮ ಕಲ್ಪನೆಯಲ್ಲಿ ‘ವಾಹನ’ ಮೊದಲಿಂದಲೂ ಬರೀ ಸಾಗಣೆಯದ್ದಲ್ಲ. ಗಣಪತಿಗೆ ಇಲಿ, ಶನಿಗೆ ಕಾಗೆ ಅಂದ ಕೂಡಲೇ ಏರಿದವನ ಗುಣವೂ ಗೊತ್ತಾಗುತ್ತದೆ. ಮಂಗಳೂರಿನ ಇಬ್ಬರು ರೌಡಿ ಗೆಳೆಯರ ಕಥೆಗೆ ರಾಜ್ ಬಿ. ಶೆಟ್ಟಿ 2021ರಲ್ಲಿ ‘ಗರುಡ ಗಮನ ವೃಷಭ ವಾಹನ’ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಆದರೆ ನಮ್ಮ ಪುಂಡ ಸವಾರನಿಗೆ ಅಮೆರಿಕದವನ ಹಾಗೆ ಕ್ಲಬ್ ಇಲ್ಲ. ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣವಾದ ‘ಶೋಲೆ’ (1975) ನೆನಪಿಸಿಕೊಳ್ಳಿ. ಸೈಡ್‌ಕಾರ್ ಇರೋ ಬೈಕಲ್ಲಿ ಹಾಡ್ಕೊಂಡು ಬರೋ ಜೈ, ವೀರು ಕಳ್ಳರು. ಆದರೆ ಸ್ವಲ್ಪ ಹೊತ್ತಿಗೇ ಠಾಕೂರ್ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ನಮ್ಮ ಪುಂಡನನ್ನು ಯಾರಾದರೂ ನ್ಯಾಯದ ಕಡೆ ಕರೆದೇ ಕರೆಯುತ್ತಾರೆ. ಕರೆಗೆ ಬಗ್ಗದ ‘ಧೂಮ್’ (2004) ಕಬೀರ್ ಬೈಕ್ ಸಮೇತ ಪ್ರಪಾತಕ್ಕೆ ಹಾರುತ್ತಾನೆ.

ಇವೆಲ್ಲದರಲ್ಲೂ ಬೈಕಿಗೆ ಬೆಲೆಯೇ ಇಲ್ಲ, ಗಮನಿಸಿ. ಯಾರು ಕೊಂಡರು, ಪೆಟ್ರೋಲಿಗೆ ದುಡ್ಡೆಲ್ಲಿಂದ, ಚೈನು ಸಡಿಲ ಆದರೆ ಯಾರು ಬಿಗಿ ಮಾಡುತ್ತಾರೆ? ಈ ಪ್ರಶ್ನೆ ಕೇಳಿದ ಸಿನಿಮಾ ವೆಟ್ರಿಮಾರನ್ ಅವರ ತಮಿಳಿನ ‘ಪೊಲ್ಲಾದವನ್’ (2007). ಕನ್ನಡದಲ್ಲಿ ಅದು ‘ಪುಂಡ’ (2010) ಆಯಿತು, ಯೋಗೇಶ್ ನಾಯಕ. ಸಾಧಾರಣ ಮನೆಯ ಹುಡುಗನಿಗೆ ಬೈಕು ಸಿಕ್ಕಿದ ಮೇಲೆ ಬದುಕಿಗೊಂದು ದಾರಿ ಕಾಣುತ್ತದೆ, ಅಷ್ಟರಲ್ಲಿ ಅದು ಕಳುವಾಗುತ್ತದೆ. ಅದನ್ನು ಹುಡುಕಿ ಹೊರಟವನು ರೌಡಿಗಳ ಲೋಕಕ್ಕೆ ಬೀಳುತ್ತಾನೆ. ಇಲ್ಲಿ ಬೈಕಿನಿಂದಾಗಿ ಹುಡುಗ ಪುಂಡ ಆಗಲ್ಲ, ಬೈಕು ಕಳಕೊಂಡಾಗ ಆಗ್ತಾನೆ. ನಮ್ಮ ಬೈಕ್ ಸಂಸ್ಕೃತಿಗೆ ಹತ್ತಿರ ಬಂದ ಸಿನಿಮಾ ಇದು ಅಂತ ನನ್ನ ಅಭಿಪ್ರಾಯ.

ಯಾಕೆ ಅಂತ ಹೇಳೋಕೆ ಬತ್ತೇರಿಯ ರಸ್ತೆಗೇ ಬರಬೇಕು. ಇಲ್ಲಿಂದ ಮೈಸೂರಿಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 766 ಮುತ್ತಂಗ ದಾಟಿ ಬಂಡೀಪುರದ ಕಾಡಲ್ಲಿ ಹಾದು ಗುಂಡ್ಲುಪೇಟೆ ಸೇರುತ್ತದೆ. 2009ರಿಂದ ಕಾಡಿನ ಭಾಗ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಬಂದ್. ಆಂಬುಲೆನ್ಸು, ಲೆಕ್ಕದ ಕೆಲವು ಬಸ್ಸು ಬಿಟ್ಟರೆ ಯಾರಿಗೂ ದಾರಿಯಿಲ್ಲ. ಮೈಸೂರಿಂದ ಹೊರಟವರು ಒಂಬತ್ತರೊಳಗೆ ಗೇಟು ದಾಟಬೇಕು, ಇಲ್ಲಾಂದ್ರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿ ಬರಬೇಕು. ಹಗಲಲ್ಲೂ ಮುಚ್ಚುತ್ತಾರೇನೋ ಅಂತ ಭಯವಾಗಿ 2019ರಲ್ಲಿ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತಿದ್ದರು. ಸಿನಿಮಾದ ಸವಾರನಿಗೆ ಕಾನೂನು ಅಂದರೆ ಪೊಲೀಸು. ನಮಗೆ ಆ ಗೇಟು ಆನೆ, ಜಿಂಕೆಗಳ ಪರವಾಗಿ ನಿಂತಿದೆ. ನಮಗೆ ಕಷ್ಟ ಆಗುತ್ತೆ ಅನ್ನೋದೂ ನಿಜ, ಅವುಗಳ ಜೀವ ಉಳಿಯುತ್ತೆ ಅನ್ನೋದೂ ನಿಜ. ಸೈಲೆನ್ಸರ್ ಬದಲಿಸಿ ಗುಡುಗಿಸೋದು ತೆರೆಯ ಮೇಲೆ ಗಂಡಸುತನ. ಮುತ್ತಂಗದಲ್ಲಿ ಅದು ಆನೆಯನ್ನು ಕೆಣಕೋ ಕೆಲಸ.

ಈ ಕಡೆಯ ಬೈಕ್ ಸಂಸ್ಕೃತಿಗೆ ತನ್ನದೇ ಇತಿಹಾಸವೂ ಇದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾದವು. ಕಿಕ್ ಹೊಡೆಯೋ ಲಿವರನ್ನೇ ಮಡಚಿ ಗೇರ್ ಹಾಕೋ ಬೈಕು ಅದು. ಕಾರ್ಖಾನೆ ಮುಚ್ಚಿದ ಮೇಲೂ ಅದನ್ನು ಓಡಿಸಿಕೊಂಡು ಬಂದದ್ದು ಮೆಕ್ಯಾನಿಕ್ಕುಗಳ ಕೈಗುಣ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಸೇರುವವರು ಒಬ್ಬರಿಗೊಬ್ಬರು ತೋರಿಸೋದು ಬಿಡಿಭಾಗಗಳನ್ನು, ಚಾಕುಚೂರಿಯನ್ನಲ್ಲ. ಓಣಂ ಹತ್ತಿರ ಬಂದಾಗ ಬತ್ತೇರಿ ಕಡೆಯಿಂದ ಹುಡುಗರು ಸಾಲಾಗಿ ಬೈಕಲ್ಲಿ ಗುಂಡ್ಲುಪೇಟೆಗೆ ಹೋಗೋದು ಸೂರ್ಯಕಾಂತಿ, ಚೆಂಡುಹೂವಿನ ಹೊಲ ನೋಡೋಕೆ.

ಆದರೂ ಗಡ್ಡ, ಕಪ್ಪು ಜಾಕೆಟ್ಟು, ದೊಡ್ಡ ಬೈಕು ಕಂಡರೆ ನಮ್ಮಲ್ಲಿ ‘ಫ್ರೀಕ್ಕನ್’ ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. ತೊಡಕು ಇರೋದು ಇಲ್ಲೇ. ಸಿನಿಮಾ ಹೊಲಿದ ಅಂಗಿಯನ್ನು ಹುಡುಗ ತೊಡುತ್ತಾನೆ, ಅದೇ ಅಂಗಿ ನೋಡಿ ಊರು ಅವನನ್ನು ಪುಂಡ ಅನ್ನುತ್ತದೆ.

ಚರ್ಚೆಯಲ್ಲಿ ಒಬ್ಬರು ಕೇಳಿದರು: “ಇದರಲ್ಲಿ ಹೆಂಗಸರು ಎಲ್ಲಿದ್ದಾರೆ?” ಒಳ್ಳೆ ಪ್ರಶ್ನೆ. ತೆರೆಯ ಮೇಲೆ ಹೆಚ್ಚಾಗಿ ಹಿಂದಿನ ಸೀಟಲ್ಲಿ. ‘ದಿ ಬೈಕ್‌ರೈಡರ್ಸ್’ನಲ್ಲಿ ಕಥೆ ಹೇಳುವವಳೇ ಕ್ಯಾಥಿ ಎಂಬ ಹೆಂಗಸು, ಹಾಗಾಗಿ ಸವಾರರ ಜಂಬದ ಜೊತೆಗೆ ಅವರ ಮನೆಯ ಪಾಡೂ ಕಾಣಿಸುತ್ತದೆ. ಬತ್ತೇರಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು, ಅದೇ ಸ್ಕೂಟರಲ್ಲಿ ಕೆಲಸಕ್ಕೆ ಹೋಗೋ ಹೆಂಗಸರನ್ನು ಯಾರೂ ‘ಬೈಕ್ ಸಂಸ್ಕೃತಿ’ ಅನ್ನಲ್ಲ. ಅನ್ನಬೇಕು.

ಇನ್ನೊಬ್ಬರು, “ಸಿನಿಮಾ ಬರೀ ಮನರಂಜನೆ ಅಲ್ವಾ?” ಅಂದರು. ಹೌದು ಸರ್, ನಾನೂ ಖುಷಿಯಿಂದಲೇ ನೋಡ್ತೀನಿ. ಆದರೆ ನೋಡುವಾಗ ಇಷ್ಟು ಕೇಳಿಕೊಳ್ಳೋಣ ಅಂತ: ಈ ಬೈಕಿನ ಕಂತು ಯಾರು ಕಟ್ಟುತ್ತಿದ್ದಾರೆ, ಈ ರಸ್ತೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ?