ಸ್ವಜನರ ಪಾಲು, ದೀನರ ಪಾಲು

ತಾನು ದುಡಿದು ಕೂಡಿಸಿದ ಸ್ವತ್ತು ಹೆಂಡಿರುಮಕ್ಕಳ ಅನ್ನವಸ್ತ್ರಗಳಿಗೂ ಒದಗಬೇಕು, ದೀನರ ಹಸಿವಿಗೂ ಸಲ್ಲಬೇಕು ಎಂಬ ಇಚ್ಛೆ ಗೃಹಸ್ಥನಾದವನಿಗೆ ಸಹಜವಾದುದು. ಆದರೆ ಈ ಎರಡು ಧರ್ಮಗಳನ್ನು ಒಂದೇ ಪತ್ರದಲ್ಲಿ ಹೊಂದಿಸಬಹುದೇ ಎಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳನ್ನೂ ಶಾಸನಸಭೆಯನ್ನೂ ಬಹುಕಾಲ ಕಾಡಿತು.

ಮುಸಲ್ಮಾನರಲ್ಲಿ ಪುರಾತನ ಕಾಲದಿಂದ ನಡೆದುಬಂದಿರುವ ‘ವಕ್ಫ್-ಅಲಲ್-ಔಲಾದ್’ ಎಂಬ ಏರ್ಪಾಡು ಅದಕ್ಕೊಂದು ಉತ್ತರ. ಒಡೆಯನು ತನ್ನ ಜಮೀನನ್ನೋ ಮನೆಯನ್ನೋ ದೇವರ ಹೆಸರಿನಲ್ಲಿ ಶಾಶ್ವತವಾಗಿ ಬಿಟ್ಟುಕೊಡುತ್ತಾನೆ. ಆಮೇಲೆ ವಾರಸುದಾರರು ಅದನ್ನು ಹಂಚಿಕೊಳ್ಳುವಂತಿಲ್ಲ. ಮುತವಲ್ಲಿಯೆಂಬ ಪಾರುಪತ್ಯಗಾರನು ಗೇಣಿ ಬಾಡಿಗೆಗಳನ್ನು ವಸೂಲು ಮಾಡಿ, ಕಂದಾಯ ರಿಪೇರಿಗಳ ಖರ್ಚು ಕಳೆದು, ಉಳಿದುದನ್ನು ಮಕ್ಕಳು ಮೊಮ್ಮಕ್ಕಳಿಗೆ ಒಪ್ಪಿಸುತ್ತಾನೆ. ವಂಶ ನಿಂತುಹೋದರೆ ಉತ್ಪನ್ನವೆಲ್ಲ ಬಡವರದು.

ಬಂಗಾಳದ ಇಬ್ಬರು ಸಹೋದರರು ಬರೆದಿಟ್ಟ ಇಂಥದೊಂದು ಪತ್ರ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಸಂತತಿಯೆಲ್ಲ ಅಳಿದ ಮೇಲೆಯೇ ವಿಧವೆಯರಿಗೂ ಅನಾಥರಿಗೂ ಭಿಕ್ಷುಕರಿಗೂ ಪಾಲೆಂದು ಅದರಲ್ಲಿ ಬರೆದಿದ್ದುದರಿಂದ, ಎಂದೋ ದೊರೆಯಬಹುದಾದ ಆ ದಾನವು ಭ್ರಮಾಮಾತ್ರವೆಂದೂ ಪತ್ರದ ನಿಜವಾದ ಉದ್ದೇಶ ಕುಲದ ಏಳಿಗೆಯೇ ಎಂದೂ ಭಾವಿಸಿದ ನ್ಯಾಯಮೂರ್ತಿಗಳು 1894ರಲ್ಲಿ ಅದು ಅಸಿಂಧುವೆಂದರು. ಸ್ವಂತ ಮಕ್ಕಳ ಪೋಷಣೆಯೂ ಪುಣ್ಯಕಾರ್ಯವೇ ಎಂದು ನಂಬಿದ್ದ ಸಮುದಾಯಕ್ಕೆ ಇದರಿಂದ ನೋವಾಯಿತು. ಮೌಲಾನಾ ಶಿಬ್ಲಿ ನೊಮಾನಿಯವರು ಜನಾಭಿಪ್ರಾಯವನ್ನು ಕೂಡಿಸಿದರು. ಮಹಮದ್ ಅಲಿ ಜಿನ್ನಾ ಅವರು ಮಂಡಿಸಿದ ಮಸೂದೆ 1913ರಲ್ಲಿ ಶಾಸನವಾಗಿ, ಕಟ್ಟಕಡೆಯ ಫಲವು ದೀನರಿಗೆ ಅಥವಾ ಬೇರೊಂದು ಶಾಶ್ವತ ಧರ್ಮಕಾರ್ಯಕ್ಕೆ ಮೀಸಲಾಗಿದ್ದರೆ ವಿಳಂಬವೊಂದೇ ದೋಷವಾಗದೆಂದು ಸಾರಿತು.

ಆ ಶಾಸನ ನ್ಯಾಯವಾದುದೇ. ಆದರೂ ನ್ಯಾಯಮೂರ್ತಿಗಳ ಆಕ್ಷೇಪಣೆಯ ತಿರುಳನ್ನು ಯಾವ ಮತದ ದಾನಿಯೂ ಮರೆಯಲಾಗದು. ಇಂದು ಹಸಿದಿರುವವನಿಗೆ ನಾಲ್ಕು ತಲೆಮಾರಿನ ಆಚೆಯ ಅನ್ನದಿಂದ ಪ್ರಯೋಜನವಿಲ್ಲ.

ಮುಸಲ್ಮಾನರಲ್ಲದ ದಾನಿಗಳಿಗೆ ಟ್ರಸ್ಟಿನ ಮಾರ್ಗವುಂಟು. ಕುಟುಂಬಕ್ಕಾಗಿ ರಚಿಸುವ ಖಾಸಗಿ ಟ್ರಸ್ಟಿಗೆ 1882ರ ಕಾಯಿದೆ ಅನ್ವಯಿಸುತ್ತದೆ. ಅದು ಚಿರಕಾಲ ನಿಲ್ಲುವಂತಿಲ್ಲ. ಸಾರ್ವಜನಿಕ ಧರ್ಮಕ್ಕಾಗಿ ರಚಿಸಿದ ಟ್ರಸ್ಟು ಚಿರಕಾಲ ನಿಲ್ಲಬಲ್ಲುದು. ಆದರೆ ಅದರ ಹಣ ಸ್ಥಾಪಕನ ಬಂಧುಗಳ ಕೈಸೇರಿದರೆ ಆದಾಯ ತೆರಿಗೆಯ ವಿನಾಯಿತಿಗೆ ಕುತ್ತು ಬರುತ್ತದೆ. ಆದಕಾರಣ ಕುಟುಂಬಕ್ಕೊಂದು, ಧರ್ಮಕ್ಕೊಂದು ಎಂದು ಎರಡು ಪತ್ರಗಳನ್ನು ಬಲ್ಲ ವಕೀಲರಿಂದ ಬರೆಯಿಸಿ, ಸ್ಥಿರಾಸ್ತಿಯಿದ್ದರೆ ನೋಂದಣಿ ಮಾಡಿಸುವುದು ಕ್ಷೇಮ.

ವಾಚಕರಲ್ಲಿ ಅಂಥ ಸಂಕಲ್ಪವುಳ್ಳವರಿಗೆ ನನ್ನ ವಿಜ್ಞಾಪನೆ ಇಷ್ಟೆ: ಮಕ್ಕಳ ಪಾಲನ್ನು ನಿಸ್ಸಂಕೋಚವಾಗಿ ಬರೆಯಿರಿ; ದೀನರ ಪಾಲನ್ನು ಮಾತ್ರ ವಂಶದ ಅಂತ್ಯಕ್ಕೆ ಮುಂದೂಡದೆ, ಈ ವರ್ಷದ ಆದಾಯದಿಂದಲೇ ಇಂತಿಷ್ಟೆಂದು ಗೊತ್ತುಮಾಡಿರಿ.